ಅಕ್ಬರಮ್ಮನ ಡಬ್ಬಿಯ ಮುದ್ದೆ

ಒಳ್ಳೆಯದು ಮಾಡುತ್ತೇನೆಂದು ಹೋಗಿ ಕಂಡವರ ಮನೆಗೆ ಕಷ್ಟ ಹೊತ್ತು ಹಾಕುವವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಸುಲ್ತಾನ್‌ಪಾಳ್ಯದ ಮಟ್ಟಿಗೆ ಆ ಮಹಾನುಭಾವ ನಾನೇ. ಹೆಸರು ಪಿಳ್ಳಣ್ಣ, ಊರು ಮಠದಹಳ್ಳಿ. ನಮ್ಮಪ್ಪ ರಾಗಿ ಬಿತ್ತುತ್ತಿದ್ದ ಹೊಲದ ಮೇಲೆ ಈಗ ಆರ್.ಟಿ. ನಗರದ ಯಾರೋ ಡಾಕ್ಟರ ಮನೆಯಿದೆ, ಗೇಟಿನಲ್ಲಿ ನಾಯಿಯೂ ಇದೆ. ಹೊಲ ಹೋದ ಮೇಲೆ ಯಶವಂತಪುರದ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಮೇಸ್ತ್ರಿಯಾದೆ. ಮೇಸ್ತ್ರಿ ಎಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಬಿದಿರು ಕಡ್ಡಿಯ ಕಂತೆ, ಇದ್ದಿಲು ಪುಡಿ, ಅಂಟಿಗೆ ಹಾಕುವ ಜಿಗಟು ಪುಡಿ, ಇಷ್ಟನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಮನೆಮನೆಗೆ ಹಾಕುವುದು, ಹೆಂಗಸರು ಹೊಸೆದು ಒಣಗಿಸಿದ ಬತ್ತಿಯನ್ನು ವಾಪಸು ತರುವುದು. ಸೋಮವಾರ ಹೆಬ್ಬಾಳ, ಗುರುವಾರ ಸುಲ್ತಾನ್‌ಪಾಳ್ಯ. ಎಪ್ಪತ್ತೈದನೇ ಇಸವಿಯಿಂದ ಆರು ವರ್ಷ ಹೀಗೆ ತುಳಿದೆ.

ಸುಲ್ತಾನ್‌ಪಾಳ್ಯದ ಕೊನೆಯ ಗಲ್ಲಿಯಲ್ಲಿ ಅಕ್ಬರಿಯ ಮನೆ. ನಮ್ಮ ಬಾಯಿಗೆ ಅದು ಅಕ್ಬರಮ್ಮ ಎಂದೇ ಬರುವುದು. ಯಲಹಂಕದ ಜಟಕಾ ಗಾಡಿಯವರೊಬ್ಬರ ಮಗಳು. ಗಂಡ ನೂರುಲ್ಲಾ ಒಂದು ಮಂಡಿಯಲ್ಲಿ ದಿನಗೂಲಿಗೆ ಮೂಟೆ ಹೊರುತ್ತಿದ್ದ. ಮಳೆಯ ದಿನ ಲಾರಿಗೆ ಆನಿಸಿದ ಹಲಗೆಯ ಮೇಲೆ ಕಾಲು ಜಾರಿ ಬಿದ್ದು ಮೊಣಕಾಲು ಮತ್ತೆ ಮಡಚದಂತಾಯಿತು. ಮಂಡಿಯಲ್ಲಿ ಮಂಡಿ ಕಳೆದುಕೊಂಡ ಎಂದು ಜನ ನಗೆಯಾಡಿದರು. ಬಿದ್ದವರಿಗೆ ಆಳಿಗೊಂದು ಕಲ್ಲು ತಾನೇ? ಈಗ ಯಾವುದೋ ಇದ್ದಿಲು ಡಿಪೋದಲ್ಲಿ ಕೂತು ತೂಕ ಹಾಕುತ್ತಾನಂತೆ ಎಂದು ಕೇಳಿದ್ದೆ. ಶುಕ್ರವಾರ ನಮಾಜಿಗೆ ಕೋಲೂರಿಕೊಂಡು ಹೋಗುವಾಗ ಎರಡು ಮೂರು ಸಲ ನೋಡಿಯೂ ಇದ್ದೆ. ಅಂಗೈ ಕರ್ರಗಿರುತ್ತಿತ್ತು, ಡಿಪೋ ಕೆಲಸವಲ್ಲವೇ ಎಂದುಕೊಂಡಿದ್ದೆ.

ಆ ಗಲ್ಲಿಯಲ್ಲಿ ಬತ್ತಿ ಹಾಕುವುದಕ್ಕೆ ಒಂದು ಪದ್ಧತಿಯಿತ್ತು. ಮನೆಯ ಮುಂದೆ ಸೈಕಲ್ ಬೆಲ್ಲನ್ನು ಮೂರು ಸಲ ಹೊಡೆಯಬೇಕು. ಬಾಗಿಲಿಗೆ ಬೆನ್ನು ಮಾಡಿ ರಸ್ತೆ ನೋಡುತ್ತಾ ನಿಲ್ಲಬೇಕು. ಒಳಗಿನವರು ಪರದೆ ಸರಿಪಡಿಸಿಕೊಂಡು 'ಹಾಂ' ಎಂದ ಮೇಲೆ ತಿರುಗಬೇಕು. ಬೇರೆ ಮನೆಗಳಲ್ಲಿ ಪರದೆಯ ಸಂದಿಯಿಂದ ಬಳೆಯ ಕೈಯೊಂದು ಬಂದು ಬತ್ತಿ ಕೊಡುತ್ತಿತ್ತು. ಅಕ್ಬರಮ್ಮ ಮಾತ್ರ ತಲೆಯ ಮೇಲೆ ಸೆರಗು ಹೊದ್ದು ತಾನೇ ಹೊಸಿಲಿಗೆ ಬರುತ್ತಿದ್ದಳು. ಆದರೂ ಅವಳ ಹಿಂದೆ ಪರದೆ ಬಿಗಿಯಾಗಿ ಎಳೆದೇ ಇರುತ್ತಿತ್ತು, ಅದರ ಹಿಂದೆ ಯಾರೋ ಕೆಮ್ಮುತ್ತಿದ್ದರು.

"ಒಳಗೆ ಯಾರವ್ರೆ?" ಎಂದು ಮೊದಲ ವರ್ಷವೇ ಕೇಳಿದ್ದೆ.

"ನಮ್ ಅತ್ತೆ. ಗೋಷಾ," ಎಂದಿದ್ದಳು.

ಅವತ್ತಿನಿಂದ ಪ್ರತಿ ಗುರುವಾರ ನಾನು ಪರದೆಯ ಕಡೆ ನೋಡಿ, "ಅಮ್ಮಾವ್ರು ಚೆಂದಾಗವ್ರಾ?" ಎಂದು ವಿಚಾರಿಸುವುದು, ಒಳಗಿನಿಂದ ಉತ್ತರವಾಗಿ ಒಂದು ಕೆಮ್ಮು ಬರುವುದು. ಇದ್ದಿಲು ಪುಡಿ ಕುಡಿದ ಗಂಟಲು ಗಂಡೋ ಹೆಣ್ಣೋ ಕೆಮ್ಮಿನಲ್ಲಿ ಗೊತ್ತಾಗುವುದಿಲ್ಲ. ಹಬ್ಬಕ್ಕೆ ಒಂದು ಸಲ ಅಮ್ಮಾವ್ರಿಗೆಂದು ನಮ್ಮ ಹಿತ್ತಲಿನ ಸೀಬೆಹಣ್ಣನ್ನೂ ಕೊಟ್ಟು ಬಂದಿದ್ದೆ.

ಅಕ್ಬರಮ್ಮನ ಮನೆಯ ಬತ್ತಿಯೆಂದರೆ ಕಾರ್ಖಾನೆಯಲ್ಲಿ ಎಲ್ಲರೂ ಮುಟ್ಟಿ ನೋಡುತ್ತಿದ್ದರು. ಬುಡದಿಂದ ತುದಿಯವರೆಗೆ ಒಂದೇ ದಪ್ಪ. ಹೊತ್ತಿಸಿದರೆ ಬೂದಿ ಮುರಿಯದೆ ಬಾಗಿ ನಿಲ್ಲುತ್ತಿತ್ತು. ನಾನು ಸಾಹುಕಾರರ ಮುಂದೆ, "ಏನ್ ಕೈಗುಣ ಸ್ವಾಮಿ ಆಯಮ್ಮಂದು!" ಎಂದು ಹೊಗಳುತ್ತಿದ್ದೆ. ಹೊಗಳುವುದಕ್ಕೆ ಏನು ಖರ್ಚು?

ಎಂಬತ್ತೊಂದರಲ್ಲಿ ಸಾಹುಕಾರರಿಗೆ ಫಾರಿನ್ ಆರ್ಡರ್ ಬಂತು. ಅಲ್ಲಿಯವರು ಬತ್ತಿ ಮೂಸಿ ನೋಡಿ, ಗಂಧದ ಹಿಂದೆ ಏನೋ ಒಗ್ಗರಣೆಯ ವಾಸನೆಯಿದೆ ಎಂದರಂತೆ. ಇರದೆ ಇನ್ನೇನು? ಒಂದೇ ಕೋಣೆಯಲ್ಲಿ ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ಬತ್ತಿ. ಸಾಹುಕಾರರು ಮನೆಗೆ ಮಾಲು ಹಾಕುವುದನ್ನೇ ನಿಲ್ಲಿಸಿ, ಕಾರ್ಖಾನೆಯ ಹಿಂದೆ ಒಂದು ತಗಡಿನ ಶೆಡ್ಡು ಕಟ್ಟಿಸಿದರು. ಮೂವತ್ತು ಜನ ಹೆಂಗಸರು ಬಂದು ಅಲ್ಲೇ ಕೂತು ಹೊಸೆಯಬೇಕು. ಕೆಲಸ ಆಗಲೂ ಕಂಟ್ರಾಕ್ಟೇ. ಆದರೆ ಮುಂದೆ ಕಾಯಂ ಆದರೂ ಆಗಬಹುದು ಎಂದು ಒಂದು ಗಾಳಿಮಾತು ತೇಲಿಬಿಟ್ಟರು.

"ಮೊದಲ ಹೆಸರು ಯಾರ್ದು ಬರ್ಕೊಳ್ಳಿ ಪಿಳ್ಳಣ್ಣ?" ಎಂದರು ಸಾಹುಕಾರರು.

"ಅಕ್ಬರಮ್ಮಂದು!" ಎಂದೆ ನಾನು.

ಆ ದಿನವೇ ಸೈಕಲ್ ತುಳಿದುಕೊಂಡು ಹೋಗಿ ಬೆಲ್ ಹೊಡೆದು, ತಿರುಗಿ ನಿಲ್ಲುವುದನ್ನೂ ಮರೆತು ಸುದ್ದಿ ಹೇಳಿದೆ. ಅವಳು ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖದ ಬಣ್ಣವೇ ಇಳಿದುಹೋಯಿತು.

"ನಂಗೆ ಬರೋಕಾಗಲ್ಲ ಪಿಳ್ಳಣ್ಣ. ಇಲ್ಲೇ ಹಾಕಿ. ಒಲೆ ಬೇಕಾದ್ರೆ ಆಚೆ ಇಟ್ಕೋತೀನಿ."

"ಇನ್ನು ಮನೆಗೆ ಹಾಕೋದೇ ಇಲ್ಲ ಕಣಮ್ಮ. ಮೂವತ್ತು ಜಾಗಕ್ಕೆ ಇನ್ನೂರು ಜನ ಕಾಯ್ತಾವ್ರೆ. ಇಂಥಾ ಕೈ ಇಟ್ಕಂಡು ಬರಲ್ಲ ಅಂತೀಯಲ್ಲ, ತಲೆ ನೆಟ್ಟಗೈತಾ?"

ಪರದೆಯ ಹಿಂದೆ ಕೆಮ್ಮು ಶುರುವಾಯಿತು, ಬಹಳ ಹೊತ್ತು ನಿಲ್ಲಲಿಲ್ಲ. ಅಕ್ಬರಮ್ಮ ಒಂದು ಸಲ ಹಿಂದಕ್ಕೆ ನೋಡಿ, "ಆಯ್ತು, ಬರ್ತೀನಿ," ಎಂದಳು.

ಬಂದಳು. ಬೆಳಿಗ್ಗೆ ಎಂಟೂವರೆಗೆ ಶೆಡ್ಡಿನಲ್ಲಿ ಮಣೆಯ ಮುಂದೆ ಕೂತಳು. ಹೊಗಳಿಕೆ ಕೇಳಿದ್ದ ಸಾಹುಕಾರರೇ ನೋಡಲು ಬಂದು ನಿಂತರು. ಶೆಡ್ಡಿನ ಸೂಪರ್‌ವೈಸರ್ ಲಕ್ಕಣ್ಣನೂ ನಿಂತ. ಅವಳು ಇದ್ದಿಲು ಕಲಸಿದ ಹಿಟ್ಟು ಚಿವುಟಿ, ಕಡ್ಡಿಗೆ ಹಚ್ಚಿ, ಅಂಗೈಯಲ್ಲಿ ಹೊಸೆದಳು. ಬುಡ ದಪ್ಪ, ನಡು ಸಣ್ಣ, ತುದಿಯಲ್ಲಿ ಗಂಟು. ಎರಡನೆಯದೂ ಹಾಗೆಯೇ. ಹತ್ತನೆಯದೂ ಹಾಗೆಯೇ.

"ಪಿಳ್ಳಣ್ಣ, ನೀನು ಹೇಳ್ತಿದ್ದ ಕೈ ಇದೇನಾ?" ಎಂದು ಸಾಹುಕಾರರು ನಕ್ಕು ಹೋದರು. ಅವರು ಬೈದಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಮಧ್ಯಾಹ್ನ ನಲ್ಲಿಯ ಹತ್ತಿರ ಅವಳನ್ನು ಹಿಡಿದು, "ಏನಮ್ಮ ಇದು, ನನ್ನ ಮರ್ವಾದೆ ತೆಗೆದ್ಯಲ್ಲ!" ಎಂದೆ.

ಅವಳು ಕೈ ಉಜ್ಜಿಕೊಳ್ಳುತ್ತಲೇ ಹೇಳಿದಳು: "ಎರಡು ಬಸ್ಸು ಪಿಳ್ಳಣ್ಣ. ಮೇಖ್ರಿ ಸರ್ಕಲ್‌ವರೆಗೂ ನಿಂತ್ಕೊಂಡು, ಅಲ್ಲಿಂದ ಇಲ್ಲಿಗೂ ನಿಂತ್ಕೊಂಡು. ಕಂಬಿ ಹಿಡ್ದು ಹಿಡ್ದು ಕೈ ನಡುಗ್ತದೆ."

ಲಕ್ಕಣ್ಣ ಇದನ್ನು ಕೇಳಿಸಿಕೊಂಡು, "ಓ, ಇದು ಬಸ್ ಕೈ!" ಎಂದ. ಅವತ್ತಿನಿಂದ ಶೆಡ್ಡಿನಲ್ಲಿ ಸೊಟ್ಟ ಬತ್ತಿಗೆಲ್ಲ ಬಸ್ ಕೈ ಎಂದೇ ಹೆಸರಾಯಿತು. ನಾನು ಅವನ ಕೈಕಾಲು ಹಿಡಿದು ಶನಿವಾರದವರೆಗೆ ಅವಳಿಗೆ ಅವಕಾಶ ಕೇಳಿದೆ. ಅಷ್ಟರಲ್ಲಿ ಕೈ ಕೂಡದಿದ್ದರೆ ಮನೆಗೆ ಎಂದ. ಮನೆಯಲ್ಲಿ ಮಾಲಿಲ್ಲ, ಇಲ್ಲಿ ಕೆಲಸವಿಲ್ಲ ಎಂದಾದರೆ ಕುಂಟ ಗಂಡ, ಶಾಲೆಗೆ ಹೋಗುವ ಮಗಳು ಮಲ್ಕಾ, ಇವರೆಲ್ಲ ಮಣ್ಣು ತಿನ್ನಬೇಕಿತ್ತು. ಅದಕ್ಕೆ ಕಾರಣ ನಾನಾಗುತ್ತಿದ್ದೆ.

ಆ ರಾತ್ರಿ ಮಲಗಿದಾಗ ನನಗೆ ಹೊಳೆಯಿತು. ಬಸ್ಸೂ ಇಲ್ಲ, ಕಂಬಿಯೂ ಇಲ್ಲ, ಆ ಚೆಂದದ ಬತ್ತಿ ಅಕ್ಬರಮ್ಮನದೇ ಅಲ್ಲ. ಅದು ಪರದೆಯ ಹಿಂದಿನ ಅತ್ತೆಯ ಕೈ! ಬಹಳ ಜಾಣನಾದೆ ಎಂದು ಬೀಗಿದೆ. ಮಾರನೆಯ ದಿನ ಅಕ್ಬರಮ್ಮ ಶೆಡ್ಡಿನಲ್ಲಿರುವಾಗಲೇ ಅವಳ ಮನೆಗೆ ಹೋಗಿ ಮೂರು ಸಲ ಬೆಲ್ ಹೊಡೆದು, ರಸ್ತೆಗೆ ಮುಖ ಮಾಡಿ ನಿಂತು, ಬೆನ್ನ ಹಿಂದಿನ ಪರದೆಗೆ ಹೇಳಿದೆ:

"ಅಮ್ಮಾವ್ರೇ, ನಾನು ಪಿಳ್ಳಣ್ಣ. ತಪ್ಪು ತಿಳ್ಕಬ್ಯಾಡಿ. ಆರು ವರ್ಷದಿಂದ ಬಂದ ಬತ್ತಿ ನಿಮ್ಮ ಕೈದು ಅಂತ ನಂಗೊತ್ತಾಯ್ತು. ಶನಿವಾರದ ಗಂಟ ಟೇಮ್ ಐತೆ. ಸೊಸೆಗೆ ವಸಿ ಏಳ್ಕೊಡಿ ತಾಯಿ."

ಕೆಮ್ಮು ಬರಲಿಲ್ಲ. ಪರದೆಯ ಉಂಗುರ ಸರಿದ ಸದ್ದಾಯಿತು.

"ತಿರುಗಿ ಮೇಸ್ತ್ರಿ," ಎಂದಿತು ಗಂಡಸಿನ ದನಿ. "ನಮ್ಮಮ್ಮ ಸತ್ತು ಎಂಟು ವರ್ಷ ಆಯ್ತು."

ತಿರುಗಿದೆ. ಗೋಡೆಗೆ ಒರಗಿ ನೂರುಲ್ಲಾ ಕೂತಿದ್ದ. ಒಂದು ಕಾಲು ನೇರವಾಗಿ ಚಾಚಿತ್ತು, ಪಕ್ಕದಲ್ಲಿ ಮಣೆಯಿತ್ತು. ಎರಡು ಕೈಯೂ ಮಣಿಕಟ್ಟಿನವರೆಗೆ ಕರ್ರಗೆ.

"ಡಿಪೋ?" ಎಂದೆ ಪೆದ್ದನ ಹಾಗೆ.

"ಯಾವ ಡಿಪೋ? ಇದೇ ಡಿಪೋ," ಎಂದ. "ನಿಮ್ಮ ಸೀಬೆಹಣ್ಣು ತಿಂದಿದ್ದೂ ನಾನೇ. ಚೆನ್ನಾಗಿತ್ತು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಾನು, ಆರು ವರ್ಷ ಸತ್ತವರ ಯೋಗಕ್ಷೇಮ ವಿಚಾರಿಸಿದ್ದೆ. ಗಲ್ಲಿಯಲ್ಲಿ ಎಲ್ಲರ ಮನೆಯಲ್ಲೂ ಹೆಂಗಸರು ಗೋಷಾ, ಇಲ್ಲಿ ಗಂಡಸೇ ಗೋಷಾ.

"ಕ್ವಿಂಟಾಲ್ ಮೂಟೆ ಎತ್ತಿದ ಕೈ ಇದು ಮೇಸ್ತ್ರಿ," ಎಂದ ನೂರುಲ್ಲಾ. "ಹೆಂಗಸರ ಕೆಲ್ಸ ಮಾಡ್ಕೊಂಡು ಮೂಲೇಲಿ ಕೂತವ್ನೆ ಅಂತ ಮಸೀದಿ ಹತ್ರ ಅನ್ನಿಸ್ಕೊಳ್ಳೋಕೆ ಆಗಲ್ಲ. ಯಾರಿಗೂ ಹೇಳ್ಬೇಡಿ."

"ನೀವೇ ಬನ್ನಿ ಸಾಯೇಬ್ರೆ ಶೆಡ್ಡಿಗೆ. ನಾನು ಸಾಹುಕಾರ್ರಿಗೆ ಏಳ್ತೀನಿ."

ಅವನು ಚಾಚಿದ ಕಾಲನ್ನು ತಟ್ಟಿದ. "ಬಸ್ಸಿನ ಮೆಟ್ಟಿಲಿಗೆ ಈ ಕಾಲು ಬಗ್ಗಲ್ಲ. ಮೂವತ್ತು ಜನ ಹೆಂಗಸರ ಮಧ್ಯೆ ಈ ಮುಖ ಬಗ್ಗಲ್ಲ."

"ಓಗ್ಲಿ, ಇಷ್ಟು ವರ್ಷ ಆಯಮ್ಮನಿಗಾದ್ರೂ ಯಾಕೆ ಕಲಿಸ್ಲಿಲ್ಲ? ಹಿಟ್ಟು ಕಲಸೋದು, ಒಣಗ್ಸೋದು, ಕಂತೆ ಕಟ್ಟೋದು ಎಲ್ಲ ಅವಳ ಕೈಲೇ ಮಾಡಿಸಿದ್ರಲ್ಲ."

ಅವನು ತನ್ನ ಕೈ ನೋಡಿಕೊಂಡ. ಆಮೇಲೆ ಹೇಳಿದ: "ಅವಳಿಗೂ ಬಂದ್ಬಿಟ್ರೆ ನಾನು ಯಾತಕ್ಕೆ ಮೇಸ್ತ್ರಿ?"

ಆ ಮನೆಯಲ್ಲಿ ಅವನಿಗಿದ್ದ ಒಂದೇ ಜಾಗವೆಂದರೆ ಆ ಮಣೆ. ಅದನ್ನು ಕಿತ್ತುಕೊಂಡವನು ಹೊಗಳುಭಟ ಪಿಳ್ಳಣ್ಣ.

ಆ ವಾರ ಅವನು ಕಲಿಸಿದ. ಅಕ್ಬರಮ್ಮ ಆಮೇಲೆ ಒಂದು ದಿನ ಹೇಳಿದಳು: "ಬೈದ್ರು, ಕೈ ಮೇಲೆ ಹೊಡೆದ್ರು, ಆಮೇಲೆ ಅದೇ ಕೈ ಹಿಡ್ಕೊಂಡು ಸುಮ್ನೆ ಕೂತ್ರು." ಶನಿವಾರ ಲಕ್ಕಣ್ಣ ಅವಳ ಬತ್ತಿಯನ್ನು ಬೆಳಕಿಗೆ ಹಿಡಿದು ನೋಡಿ, "ಬಸ್ ಕೈಯೇ. ಆದ್ರೂ ನಡೀತದೆ, ಇರ್ಲಿ," ಎಂದ. ನಾನು ಮುನೇಶ್ವರನಿಗೆ ಒಂದು ತೆಂಗಿನಕಾಯಿ ಒಡೆದೆ.

ಅಲ್ಲಿಂದ ಶುರುವಾಯಿತು ಅವಳ ತಿರುಗಾಟ. ಬೆಳಗಿನ ಐದಕ್ಕೆ ನೀರು ಹಿಡಿದು, ಅಡುಗೆ ಮಾಡಿ, ಗಂಡನ ಬಿಸಿನೀರು, ಮಗಳ ಜಡೆ ಮುಗಿಸಿ ಏಳಕ್ಕೆ ಮನೆ ಬಿಡಬೇಕು. ಆರ್.ಟಿ. ನಗರದ ಸ್ಟಾಪಿನವರೆಗೆ ನಡಿಗೆ, ಅಲ್ಲಿಂದ ಮೇಖ್ರಿ ಸರ್ಕಲ್, ಅಲ್ಲಿ ಇಳಿದು ಯಶವಂತಪುರದ ಬಸ್ಸಿಗೆ ಕಾಯುವುದು. ಬಂದ ಬಸ್ಸು ನಿಲ್ಲದೆ ಹೋದರೆ ಗೇಟು ತಡ, ತಡವಾದರೆ ಅರ್ಧ ದಿನ ಖೋತಾ. ಸಂಜೆ ಅದೇ ದಾರಿ ಉಲ್ಟಾ. ಮನೆಗೆ ಮಾಲು ಹಾಕುತ್ತಿದ್ದ ಕಾಲ ಸುಖವಾಗಿತ್ತೇ ಎಂದರೆ ಅದೂ ಇಲ್ಲ. ಆಗ ಅನ್ನದಲ್ಲೂ ಇದ್ದಿಲು, ಹಾಸಿಗೆಯಲ್ಲೂ ಇದ್ದಿಲು, ಹಬ್ಬ ಹುಣ್ಣಿಮೆ ಒಂದೂ ಇಲ್ಲ. ಅತ್ತ ದರಿ ಇತ್ತ ಪುಲಿ. ಯಾವುದು ವಾಸಿ ಎಂದು ಒಮ್ಮೆ ಕೇಳಿದ್ದಕ್ಕೆ ಅಕ್ಬರಮ್ಮ ಹೇಳಿದ ಮಾತು ನನಗಿನ್ನೂ ನೆನಪಿದೆ: "ಮನೇಲಿ ಮಾಡಿದ್ರೆ ಕೆಲ್ಸ ಮುಗಿಯಲ್ಲ. ಇಲ್ಲಿಗೆ ಬಂದ್ರೆ ದಾರಿ ಮುಗಿಯಲ್ಲ."

ಮನೆಗೆ ಹಾಕುವುದು ನಿಂತ ಮೇಲೆ ನನ್ನ ಸೈಕಲ್ಲಿಗೂ ಕೆಲಸವಿಲ್ಲದಾಯಿತು. ಸಾಹುಕಾರರು ನನ್ನನ್ನು ಗೇಟಿನಲ್ಲಿ ಕೂರಿಸಿದರು. ಸಂಜೆ ಹೋಗುವಾಗ ಹೆಂಗಸರ ಊಟದ ಡಬ್ಬಿ ತೆಗೆಸಿ ನೋಡಬೇಕು. ಒಂದು ಕಡ್ಡಿ, ಒಂದು ಚಿಟಿಕೆ ಪುಡಿ ಆಚೆ ಹೋದರೂ ಕೆಲಸದಿಂದ ತೆಗೆಯುತ್ತಾರೆ. ಒಂದು ತಿಂಗಳಾಗಿರಬೇಕು, ಅಕ್ಬರಮ್ಮ ಡಬ್ಬಿ ಮುಂದಿಟ್ಟಳು. ಮುಚ್ಚಳ ತೆಗೆದರೆ ಒದ್ದೆ ಬಟ್ಟೆಯ ಮೇಲೆ ಒಂದು ಮುದ್ದೆ. ನಾನು ಹುಟ್ಟಿದ್ದೇ ರಾಗಿಯ ಮೇಲೆ. ಅಷ್ಟು ಕಪ್ಪು ರಾಗಿ ಮುದ್ದೆ ಭೂಲೋಕದಲ್ಲಿಲ್ಲ.

ಹಿಂದೆ ಹತ್ತು ಜನ ಸಾಲಿನಲ್ಲಿದ್ದರು, ಪಕ್ಕದಲ್ಲಿ ಲಕ್ಕಣ್ಣ ನಿಂತಿದ್ದ. ಅಕ್ಬರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ಅವ್ರ ಕೈ ಸುಮ್ನೆ ಇರಲ್ಲ ಪಿಳ್ಳಣ್ಣ," ಎಂದಳು ತುಟಿ ಅಲುಗಿಸದೆ. "ಬೆರಳು ಸುಮ್ ಸುಮ್ನೆ ಹೊಸೀತಾ ಇರ್ತದೆ."

ನಾನು ಮುಚ್ಚಳ ಹಾಕಿ ಜೋರಾಗಿ ಹೇಳಿದೆ: "ಏನಮ್ಮ, ಈವತ್ತೂ ಮುದ್ದೆ ಉಳೀತಾ?"

"ಉಳೀತು," ಎಂದಳು.

ಹೀಗೆ ಶುರುವಾದದ್ದು ದಿನಚರಿಯಾಯಿತು. ದಿನಾ ಮುದ್ದೆ ಉಳಿಯುತ್ತಿತ್ತು. ಬಿಸಿಲಿರಲಿ ಮಳೆಯಿರಲಿ ಅವಳ ಕಂಕುಳಲ್ಲಿ ಒಂದು ಮಡಚಿದ ಕೊಡೆ ಇರುತ್ತಿತ್ತು. ಸಂಜೆ ಅದರ ಮಡಿಕೆಯಲ್ಲಿ ಬಿದಿರು ಕಡ್ಡಿ ಹೋಗುತ್ತಿದ್ದವು. ಬೆಳಿಗ್ಗೆ ಅದರಲ್ಲೇ ನೂರುಲ್ಲಾ ಹೊಸೆದ ಬತ್ತಿ ಬಂದು ಅವಳ ಕಂತೆಯ ಮೇಲುಗಡೆ ಸೇರುತ್ತಿದ್ದವು. ಒಂದು ದಿನ ಸಾಹುಕಾರರು ಆ ಕಂತೆ ಎತ್ತಿ ನೋಡಿ, "ಬಸ್ ಕೈ ಹೋಯ್ತಲ್ಲ!" ಎಂದರು. ಆ ಸಂಜೆ ಅವಳು ಓಡುವ ಹಾಗೆ ಬಸ್ ಸ್ಟಾಪಿಗೆ ಹೋದದ್ದನ್ನು ನೋಡಿದೆ. ಮನೆಗೆ ಆ ಮಾತು ಹೊತ್ತುಕೊಂಡು ಹೋಗುವುದಿತ್ತಲ್ಲ.

ವರ್ಷ ಉರುಳಿದವು. ಯಾರೂ ಕಾಯಂ ಆಗಲಿಲ್ಲ. ಲಕ್ಕಣ್ಣನಿಗೆ ಹೊಟ್ಟೆ ಬಂತು, ಅಕ್ಬರಮ್ಮನ ಕೂದಲು ಬೆಳ್ಳಗಾಯಿತು. ಬಸ್ಸಿನಲ್ಲಿ ನಿಂತೂ ನಿಂತೂ ಅವಳ ಕಾಲಿನ ನರ ಹಗ್ಗದಂತೆ ಎದ್ದಿದ್ದವು. ಕೈ ಮಾತ್ರ ಪಳಗಿತ್ತು, ಹೊಸಬರಿಗೆ ಲಕ್ಕಣ್ಣನೇ ಅವಳ ಬತ್ತಿ ತೋರಿಸುತ್ತಿದ್ದ. ಎಂಬತ್ತಾರರ ಮಳೆಗಾಲದ ಮೇಲೆ ಒಂದು ವಿಚಿತ್ರ ಗಮನಿಸಿದೆ. ಸಂಜೆ ಮುದ್ದೆ ಹೋಗುತ್ತಿತ್ತು, ಕಡ್ಡಿಯೂ ಹೋಗುತ್ತಿತ್ತು. ಬೆಳಿಗ್ಗೆ ಕೊಡೆ ಬರಿದಾಗಿ ಬರುತ್ತಿತ್ತು. ಹಾಗಾದರೆ ಬತ್ತಿ ಎಲ್ಲಿಗೆ ಹೋಗುತ್ತಿದೆ? ಹೊರಗೆ ಮಾರುತ್ತಿದ್ದಾಳೆಯೇ? ಐದು ವರ್ಷ ನನ್ನ ಅನ್ನವನ್ನೇ ಒತ್ತೆಯಿಟ್ಟು ಮುಚ್ಚಳ ಮುಚ್ಚಿದ್ದೇನೆ, ಇವಳು ನನಗೇ ಟೋಪಿ ಹಾಕುತ್ತಿದ್ದಾಳೆಯೇ ಎಂದು ಮೈಯೆಲ್ಲ ಉರಿಯಿತು.

ಮಾರನೆಯ ದಿನ ಸೈಕಲ್ ಮನೆಯಲ್ಲೇ ಬಿಟ್ಟು, ಅವಳಿಗಿಂತ ಮುಂಚೆ ಮೇಖ್ರಿ ಸರ್ಕಲ್ಲಿಗೆ ಹೋಗಿ ಒಂದು ಮರದ ಮರೆಯಲ್ಲಿ ನಿಂತೆ. ಅವಳು ಬಸ್ಸಿಳಿದಳು. ಸ್ಟಾಪಿನಲ್ಲಿ ಹೂ ಮಾರುವ ಮುನಿಗಂಗಮ್ಮನ ಬುಟ್ಟಿಯ ಹತ್ತಿರ ಹೋಗಿ, ಕೊಡೆಯಿಂದ ಏಳೆಂಟು ಬತ್ತಿ ತೆಗೆದು ಕೊಟ್ಟಳು. ಆಮೇಲೆ ಬಸ್ಸು ಬಂತು, ಹತ್ತಿ ಹೋದಳು. ನಾನು ಮುನಿಗಂಗಮ್ಮನ ಹತ್ತಿರ ಹೋದೆ. ಅವಳು ಆಗಲೇ ಎರಡನ್ನು ಹೊತ್ತಿಸಿ ಬುಟ್ಟಿಯ ಪಕ್ಕದ ಮಣ್ಣಿಗೆ ಚುಚ್ಚಿದ್ದಳು.

"ದಿನಾ ತಂದ್ಕೊಡ್ತಾಳೆ ಕಣಪ್ಪ ಆ ಸಾಬರಮ್ಮ," ಎಂದಳು. "ಕಾಸೂ ಬ್ಯಾಡ ಅಂತಾಳೆ. ಬರೀ ಒಗೆ, ವಾಸ್ನೇನೇ ಇಲ್ಲ. ಬ್ಯಾಡ ಅನ್ನಕೂ ಮನಸು ಬರಲ್ಲ, ಅಚ್ಚಿಕ್ತೀನಿ."

ವಾಸನೆ ಎಲ್ಲಿಂದ ಬರಬೇಕು? ಗಂಧದೆಣ್ಣೆಯಲ್ಲಿ ಅದ್ದುವುದು ಕಾರ್ಖಾನೆಯಲ್ಲಿ. ಅದಕ್ಕೆ ಮುಂಚೆ ಅದು ಬರೀ ಇದ್ದಿಲು. ಉಳಿದ ಬತ್ತಿಗಳನ್ನು ಕೈಗೆ ತೆಗೆದುಕೊಂಡು ನೋಡಿದೆ. ಬುಡ ದಪ್ಪ, ನಡು ಸಣ್ಣ, ತುದಿಯಲ್ಲಿ ಗಂಟು. ಮಣ್ಣಿನಲ್ಲಿ ಚುಚ್ಚಿದ ಎರಡೂ ಅರ್ಧಕ್ಕೇ ಆರಿದ್ದವು. ಇಂಥ ಬತ್ತಿ ಅವಳ ಕಂತೆಯಲ್ಲಿ ಸೇರಿದರೆ ಅವತ್ತೇ ಅವಳ ಕೆಲಸ ಹೋಗುತ್ತಿತ್ತು. ಮನೆಯಲ್ಲಿ ಕೂತವನ ಕೈ ಹೋಗಿತ್ತು.

ಭಾನುವಾರ ಶೆಡ್ಡಿಗೆ ರಜೆ. ಸುಲ್ತಾನ್‌ಪಾಳ್ಯಕ್ಕೆ ಹೋಗಿ ಅಭ್ಯಾಸಬಲದಿಂದ ಮೂರು ಸಲ ಬೆಲ್ ಹೊಡೆದು, ರಸ್ತೆಗೆ ತಿರುಗಿ ನಿಂತೆ. "ಅಮ್ಮಾವ್ರು ಚೆಂದಾಗವ್ರಾ?" ಎಂದೆ. ಒಳಗೆ ಕೆಮ್ಮು ಬಂತು, ಜೊತೆಗೆ ನಗುವೂ ಬಂತು. "ಬನ್ನಿ ಮೇಸ್ತ್ರಿ ಒಳಗೆ," ಎಂದ ನೂರುಲ್ಲಾ. ಬಹಳ ಸೊರಗಿದ್ದ. ಬೆರಳುಗಳು ಮಣೆಯ ಮೇಲಿದ್ದರೂ ನಡುಗುತ್ತಿದ್ದವು. ಅಕ್ಬರಮ್ಮ ಬಚ್ಚಲ ಹತ್ತಿರ ಬಟ್ಟೆ ಹಿಂಡುತ್ತಿದ್ದವಳು ನನ್ನನ್ನು ನೋಡಿ ಕೈ ನಿಲ್ಲಿಸಿದಳು. ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು.

ನೂರುಲ್ಲಾ ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದ: "ನಿಜ ಹೇಳಿ ಮೇಸ್ತ್ರಿ. ಇವಳು ದಿನಾ ಹೇಳ್ತಾಳೆ, ಹೆಂಡ್ತಿ ಮಾತು, ನಂಬೋಕಾಗಲ್ಲ. ನನ್ನ ಬತ್ತಿ ಈಗ್ಲೂ ಫಾರಿನ್‌ಗೆ ಹೋಗ್ತದಾ?"

ಅಕ್ಬರಮ್ಮನ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪರದೆಯ ಹಿಂದೆ ಗಂಡನನ್ನು ಊರಿನಿಂದ ಮುಚ್ಚಿಟ್ಟವಳು, ಈಗ ಅವನನ್ನೇ ಅವನಿಂದ ಮುಚ್ಚಿಟ್ಟಿದ್ದಳು.

"ಓಗ್ದೆ ಏನು ಸಾಯೇಬ್ರೆ? ಓದ ವಾರಾನೇ ಹಡಗು ಹತ್ತುಸ್ದೋ. ಇಂಥಾ ಕೈ ಇನ್ನೆಲ್ಲಿ ಐತೆ ಅಂದ್ರು ಸಾಹುಕಾರ್ರು."

ಅವನ ಮುಖ ಅರಳಿದ್ದನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಹೆಂಡತಿಯ ಕಡೆ ತಿರುಗಿ, "ಕೇಳಿದ್ಯಾ? ನಾನು ಹೇಳ್ಲಿಲ್ವಾ? ನಾಳೆಯಿಂದ ಹಿಟ್ಟು ಇನ್ನೂ ಸ್ವಲ್ಪ ಜಾಸ್ತಿ ತಾ," ಎಂದ.

ಅಕ್ಬರಮ್ಮ ನನ್ನನ್ನೊಮ್ಮೆ ನೋಡಿದಳು. ಬೈಯುವ ನೋಟವಲ್ಲ, ಸುಸ್ತಾದವರ ನೋಟ. "ತರ್ತೀನಿ," ಎಂದು ಬಟ್ಟೆ ಹಿಂಡತೊಡಗಿದಳು.

ಸೋಮವಾರ ಸಂಜೆ ಗೇಟಿನಲ್ಲಿ ಅವಳ ಡಬ್ಬಿ ತೆಗೆದಾಗ ಅದರಲ್ಲಿ ಎರಡು ಮುದ್ದೆಗಳಿದ್ದವು.